ಖಾಲಿ ಬ್ರೇಕು ಹಿಡಿದ ಮಧ್ಯಾಹ್ನ

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ಮೂಗು ಮುರಿದು ಎದ್ದುಹೋಗುವವರಲ್ಲಿ ನಾನೂ ಒಬ್ಬ. ಇಂಥ ಅನುಭವಗಳನ್ನು ಬರೆಯುವವರ ಬಗ್ಗೆ ನನಗೆ ಒಂದೇ ಅಭಿಪ್ರಾಯವಿತ್ತು: ಒಂದೋ ಅವರಿಗೆ ಜ್ವರ ಬಂದಿರಬೇಕು, ಇಲ್ಲವೇ ಪುಟ ತುಂಬಿಸಬೇಕಾಗಿರಬೇಕು. ಈಗ ನಾನೇ ಬರೆಯಲು ಕುಳಿತಿದ್ದೇನೆ, ಜ್ವರವಂತೂ ಇಲ್ಲ. ನೀವು ನಂಬಲೇಬೇಕೆಂದು ಹಟ ಮಾಡುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಾನು ಮರಾಠಿ ಸೀಮೆಯ ಉದಗೀರದಲ್ಲಿ ಹುಡುಗರಿಗೆ ಮೋಟಾರು ರಿಪೇರಿ ಕಲಿಸುವ ಮಾಸ್ತರ. ನನ್ನ ಅಕ್ಕನನ್ನು ಉಮರ್ಗಾ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟಿದೆ. ಅವಳ ಗಂಡ ಮಾಳಪ್ಪನವರನ್ನು ನಾನು ಮಾಮಾ ಎನ್ನುತ್ತೇನೆ. ತಲೆಮಾರುಗಳಿಂದ ಕುರಿ ಸಾಕಿದ ಮನೆತನ, ಕುರಿಗಾಹಿಗಳ ದೇವರು ಬೀರಪ್ಪನ ಒಕ್ಕಲು. ಕೆಲವು ವರ್ಷಗಳ ಹಿಂದೆ ನಿಲಂಗಾ ಕಡೆ ಮಕ್ಕಳ ಆಟದ ತೋಟವೊಂದು ಮುಚ್ಚಿದಾಗ ಮಾಮಾ ಅಲ್ಲಿಂದ ಒಂದು ಎಟಿವಿ ತಂದರು. ನಾಲ್ಕು ದಪ್ಪ ಗಾಲಿಯ, ಕಲ್ಲುಮುಳ್ಳಿನಲ್ಲಿ ಎಲ್ಲಿ ಬೇಕಾದರೂ ನುಗ್ಗುವ ಬೈಕು ಅದು. ಮುಂದಿನ ಕ್ಯಾರಿಯರ್ ಮೇಲೆ ಎರಡು ಕುರಿಮರಿ, ಹಿಂದಿನದರ ಮೇಲೆ ಹಸಿ ಮೇವು, ನಡುವೆ ಹೆಗಲಿಗೆ ಕಂಬಳಿ ಹಾಕಿಕೊಂಡ ಮಾಮಾ. ಆ ಮೆರವಣಿಗೆ ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೇವೆ. ಆದರೆ ಮಾಳದಲ್ಲಿ ಚದುರಿದ ಕುರಿಗಳನ್ನು ಸುತ್ತುಹಾಕಿ ತರಲು ಅದಕ್ಕಿಂತ ಒಳ್ಳೆಯ ಗಾಡಿ ಇಲ್ಲ.

ಒಂದು ದಿನ ಮಾಮಾ ಫೋನು ಮಾಡಿದರು. "ಗಾಲಿ ಎಲ್ಲಾ ಜಾಮ್ ಆಗ್ಯಾವ ನೋಡು. ದಬ್ಬಿದ್ರೂ ಅಲಗಲಾಗ್ಯದ. ನೀ ಲಗೂನೆ ಬಾ."

ಹೋಗಿ ನೋಡಿದೆ. ಬ್ರೇಕಿನ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದಾಗ ಬಂದದ್ದು ಕುಸುಬಿ ಎಣ್ಣೆಯ ವಾಸನೆ. ವಿಚಾರಿಸಿದಾಗ ಗೊತ್ತಾಯಿತು: ಅಮಾವಾಸ್ಯೆಯ ದಿನ ಮಾಮಾನ ತಾಯಿ ಗಾಡಿಗೆ ಭಂಡಾರದ ಅರಿಶಿನ ಹಚ್ಚಿ ಪೂಜೆ ಮಾಡಿದ್ದಾರೆ. ಎಣ್ಣೆ ನೋಡಲೆಂದು ಮಾಮಾ ಮುಚ್ಚಳ ತೆಗೆದಿಟ್ಟು ಅತ್ತ ಹೋಗಿದ್ದಾರೆ. ಅಷ್ಟರಲ್ಲಿ ಮುದುಕಿ ಬೀರಪ್ಪನ ದೀಪದ ಎಣ್ಣೆಯನ್ನು ಭಕ್ತಿಯಿಂದ ಅದರೊಳಗೆ ಸುರಿದಿದ್ದಾರೆ.

"ಬಂಡಿ ಕೀಲಿಗಿ ಎಣ್ಣಿ ಬಿಡ್ತೀವಿ, ಹೊಲಿಗಿ ಮಿಷಿನ್ನಿಗಿ ಬಿಡ್ತೀವಿ. ಇದಕ್ಕ ಬಿಟ್ರ ಏನಾಗ್ತದೋ ತಮ್ಮಾ?" ಎಂದು ಆಯಿ ನನ್ನನ್ನೇ ಕೇಳಿದರು. ನಾವೆಲ್ಲ ಅವರನ್ನು ಆಯಿ ಎಂದೇ ಕರೆಯುವುದು.

ಬ್ರೇಕಿಗೆ ಹಾಕುವುದು ಹೆಸರಿಗೆ ಮಾತ್ರ ಎಣ್ಣೆ. ಅಡುಗೆ ಎಣ್ಣೆ ಸೇರಿದರೆ ಒಳಗಿನ ರಬ್ಬರುಗಳು ಊದಿಕೊಂಡು ಬ್ರೇಕು ಹಿಡಿದದ್ದು ಬಿಡುವುದಿಲ್ಲ. ಇದನ್ನು ಆಯಿಗೆ ವಿವರಿಸಲು ಹೋಗಿ ಸೋತೆ. ಅವರಿಗೆ ಕಿವಿ ಬೇರೆ ಮಂದ. ಹಳೆಯದನ್ನೆಲ್ಲ ಹೊರಗೆ ತೆಗೆದು, ರಬ್ಬರು ಬದಲಿಸಿ, ಹೊಸ ಎಣ್ಣೆ ತುಂಬಬೇಕಾಗಿತ್ತು. ಅಕ್ಕ ಸಂತೆಗೆಂದು ಲೋಹಾರಾಕ್ಕೆ ಹೋಗಿದ್ದಳು. ನಾನೂ ಮಾಮಾನೂ ಊಟ ಮುಗಿಸಿ ಕೆಲಸಕ್ಕೆ ಕೂತೆವು.

ಇದು ಇಬ್ಬರ ಕೆಲಸ. ಒಬ್ಬರು ಹ್ಯಾಂಡಲಿನಲ್ಲಿರುವ ಬ್ರೇಕಿನ ಹಿಡಿಕೆಯನ್ನು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಹತ್ತಿರ ಕೂತು ನಿಪ್ಪಲು ಎಂಬ ಸಣ್ಣ ತಿರುಪನ್ನು ಸಡಿಲಿಸಿ ಎಣ್ಣೆ ಹೊರಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಹಿಡಿಕೆ ಬಿಟ್ಟರೆ ಗಾಳಿ ಒಳಗೆ ಸೇರಿ ಕೆಲಸ ಕೆಡುತ್ತದೆ. ಹಾಗಾಗಿ ಕೆಳಗೆ ಕೂತವನು ಹೇಳುವತನಕ ಮೇಲಿನವರು ಬಿಡುವ ಹಾಗಿಲ್ಲ. "ಹಿಡೀರಿ ಮಾಮಾ... ಬಿಡ್ರಿ... ಹಿಡೀರಿ..." ಎನ್ನುತ್ತ ಹಿಂದಿನ ಗಾಲಿಯಿಂದ ಶುರು ಮಾಡಿದೆವು. ಆ ಗಾಡಿಗೆ ನಾಲ್ಕೂ ಗಾಲಿಗೆ ಸೇರಿ ಒಂದೇ ಹಿಡಿಕೆ, ಒಂದೇ ಡಬ್ಬಿ.

ಗಾಡಿ ನಿಂತದ್ದು ಇಳಿಜಾರಿನಲ್ಲಿ, ಕುರಿದೊಡ್ಡಿಯ ಕಲ್ಲಿನ ಗೋಡೆಗೆ ಬೆನ್ನು ಮಾಡಿ. ಗಾಡಿಗೂ ಗೋಡೆಗೂ ನಡುವೆ ನಾನು ಕುಕ್ಕರುಗಾಲಲ್ಲಿ ಕೂತಿದ್ದೆ. ಗಾಲಿಗೆ ಕಲ್ಲು ಒಡ್ಡಿದ್ದೆ, ಅಷ್ಟು ಬುದ್ಧಿ ನನಗಿದೆ. ಡಬ್ಬಿಯಲ್ಲಿದ್ದ ಎಣ್ಣೆಯೆಲ್ಲ ಖಾಲಿಯಾಗಿ, ಬಿಗಿದಿದ್ದ ಗಾಲಿಗಳು ಸಡಿಲಾಗಿ, ನಿಪ್ಪಲಿನಿಂದ ಕೊನೆಯ ಹನಿಗಳು ಬೀಳುತ್ತಿದ್ದವು. ಅಷ್ಟರಲ್ಲಿ ನಾಯಿ ಬೊಗಳಿತು.

"ಅಯ್ಯೋ, ಕುರಿ ಎಲ್ಲಾ ಸೋಯಾಬೀನಿನ್ಯಾಗ ಹೊಕ್ವು! ನೀ ಹಂಗೇ ಕೂಡು, ಈಗ ಬಂದೆ," ಎಂದು ಮಾಮಾ ಹಿಡಿಕೆ ಬಿಟ್ಟು ಓಡಿದರು. ಓಡುವ ಮುಂಚೆ, ಕುರಿ ಕಾಯುವ ಯಾವ ಮನುಷ್ಯನಾದರೂ ಮಾಡುವುದನ್ನೇ ಮಾಡಿದರು: ಎಸೆಯಲೆಂದು ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡರು. ಅದು ಗಾಲಿಯ ಕೆಳಗಿನ ಕಲ್ಲು.

ಗಾಡಿ ಕರ್ರೆಂದು ಒಮ್ಮೆ ನರಳಿ ಹಿಂದಕ್ಕೆ ಉರುಳಿತು. ಏಳಲು ಪುರುಸೊತ್ತಾಗಲಿಲ್ಲ. ಹಿಂದಿನ ಕ್ಯಾರಿಯರಿನ ಕಬ್ಬಿಣ ನನ್ನ ಎದೆಗೆ ಬಂದು ಒತ್ತಿತು, ಬೆನ್ನಿಗೆ ಗೋಡೆಯ ಕಲ್ಲು. ಕಾಲುಗಳು ಮಡಚಿ ನನ್ನ ಕೆಳಗೇ ಸಿಕ್ಕಿಬಿದ್ದಿದ್ದವು. ಕೂಗೋಣವೆಂದರೆ ಕೂಗಲು ಉಸಿರು ಬೇಕು. ಉಸಿರು ಬಿಟ್ಟಷ್ಟೂ ಜಾಗವನ್ನು ಗಾಡಿ ತಾನು ತೆಗೆದುಕೊಳ್ಳುತ್ತಿತ್ತು, ಮತ್ತೆ ಎಳೆದುಕೊಳ್ಳಲು ಬಿಡುತ್ತಿರಲಿಲ್ಲ. ದೂರದಲ್ಲಿ ಮಾಮಾ ಕುರಿಗಳನ್ನು ಮರಾಠಿಯಲ್ಲಿ ಬೈಯುವುದು ಕೇಳುತ್ತಿತ್ತು. ಗುಡಿಸಲಿನಲ್ಲಿದ್ದ ಆಯಿಗೆ ನನ್ನದು ಕೇಳುವ ಮಾತೇ ಇಲ್ಲ. ನಾನು ಇಲ್ಲೇ, ಕುರಿ ಹಿಕ್ಕೆಯ ಮೇಲೆ, ಹಾಡುಹಗಲಿನಲ್ಲಿ ಸಾಯುತ್ತೇನೆ ಎನಿಸಿತು. ಹೆದರಿಕೆಗಿಂತ ಹೆಚ್ಚಾಗಿ ಅಳು ಬಂತು.

ಇದ್ದ ಶಕ್ತಿಯನ್ನೆಲ್ಲ ಎರಡೂ ಕೈಗೆ ತಂದು ದಬ್ಬಿದೆ. ಗಾಡಿ ಎರಡು ಬೆರಳಿನಷ್ಟು ಮೇಲಕ್ಕೆ ಸರಿಯಿತು. ಹೆಚ್ಚು ಹೊತ್ತು ತಡೆಯಲಾರೆ ಎಂದು ಗೊತ್ತಾಯಿತು. ಆಗ ನನ್ನ ಬಾಯಿಂದ ಬಂತು: "ಹಿಡಿ."

ಗಾಡಿ ನಿಂತಿತು. ನಾನು ಕೈ ಸಡಿಲಿಸಿದೆ. ಹಾಗೇ ನಿಂತಿತ್ತು.

ನಾಲ್ಕಾರು ಸಲ ಉಸಿರಾಡಿಕೊಂಡು ಮತ್ತೆ ದಬ್ಬಿದೆ. ಈ ಸಲ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಗಾಲಿಗಳನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದರು. ಹಿಡಿದದ್ದು ಬಿಟ್ಟರೆ ಮಾತ್ರ ಗಾಡಿ ಸರಿದೀತು. ಆದರೆ ಬಿಟ್ಟ ಕ್ಷಣದಲ್ಲಿ ಅದರ ಭಾರವೆಲ್ಲ ನನ್ನ ಮೇಲೆ ಬರುತ್ತದೆ. ಆ ಎರಡಕ್ಷರ ಹೇಳಲು ನಾನು ಎಷ್ಟು ಒದ್ದಾಡಿದೆನೆಂದು ಹೇಳಲಾರೆ. ಅಂಗೈಗಳನ್ನು ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿ ಅಂದೆ: "ಬಿಡು."

ಭಾರ ದಡಕ್ಕನೆ ಕೈಗೆ ಬಂತು. ದಬ್ಬಿದೆ. "ಹಿಡಿ." ನಿಂತಿತು. "ಬಿಡು." ದಬ್ಬಿದೆ. "ಹಿಡಿ." ಹೀಗೆ ಹಲವು ಸಲ. ಕಾಲು ಬಿಡಿಸಿಕೊಳ್ಳುವಷ್ಟು ಜಾಗವಾದಾಗ ಪಕ್ಕಕ್ಕೆ ಉರುಳಿ ಹೊರಗೆ ಬಂದೆ. ಎದ್ದವನು ಹಿಡಿಕೆಯ ಕಡೆ ನೋಡಬಹುದಿತ್ತು, ಏನಾದರೂ ಕಂಡೀತೆಂದು ಹೆದರಿ ನೋಡಲಿಲ್ಲ. ನೆಲ ನೋಡುತ್ತಲೇ ಮತ್ತೊಮ್ಮೆ "ಬಿಡು" ಅಂದೆ.

ಗಾಡಿ ಉರುಳಿಹೋಗಿ ನಾನು ಕೂತಿದ್ದ ಜಾಗದಲ್ಲಿ ಗೋಡೆಗೆ ಧಡ್ ಎಂದು ಬಡಿಯಿತು. ಮೇಲಿನ ಎರಡು ಕಲ್ಲು ಕೆಳಗೆ ಬಿದ್ದವು.

ಮಾಮಾ ಬಂದಮೇಲೆ ನೋಡಿದೆವು. ನಿಪ್ಪಲು ಬಾಯಿ ತೆರೆದೇ ಇತ್ತು. ಡಬ್ಬಿ ಒಣಗಿತ್ತು. ಆ ಹಿಡಿಕೆಯನ್ನು ಹತ್ತು ಜನ ಸೇರಿ ಒತ್ತಿದರೂ ಒಂದು ಗಾಲಿಯೂ ನಿಲ್ಲುವಂತಿರಲಿಲ್ಲ. ಊದಿದ ರಬ್ಬರು ನಡುನಡುವೆ ಕಚ್ಚಿಕೊಂಡಿರಬೇಕು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮರುದಿನ, ಹೊಸ ರಬ್ಬರು ಹಾಕುವ ಮೊದಲು, ಗೋಡೆಗೆ ಮೇವಿನ ಮೂಟೆ ಒರಗಿಸಿ ಅದೇ ಇಳಿಜಾರಿನಲ್ಲಿ ಗಾಡಿಯನ್ನು ಬಿಟ್ಟು ನೋಡಿದೆ. ಬಿಟ್ಟಾಗಲೆಲ್ಲ ಉರುಳಿತು. ಒಂದು ಸಲವೂ ನಿಲ್ಲಲಿಲ್ಲ. ಇನ್ನು ರಬ್ಬರೇ ಆಗಿದ್ದರೂ, ಅದಕ್ಕೆ ನನ್ನ ಮಾತು ಹೇಗೆ ತಿಳಿಯಿತು?

ಆಯಿಗೆ ಮಾತ್ರ ಆಶ್ಚರ್ಯವೇ ಇಲ್ಲ. ನನ್ನ ಹಣೆಗೆ ಭಂಡಾರ ಹಚ್ಚಿ, "ಅಂವಾ ಹಿಡದಾನ" ಎಂದು ಬೀರಪ್ಪನ ಗುಡಿಯ ಕಡೆ ಕೈ ಮುಗಿದರು. ಗುಡಿಯ ಹೊಸ್ತಿಲು ತುಳಿಯದ ನನ್ನಂಥವನು ಹಿಡಿ ಎಂದರೆ ಹಿಡಿದು, ಬಿಡು ಎಂದರೆ ಬಿಡಲು ದೇವರಿಗೇನು ಬೇರೆ ಕೆಲಸವಿಲ್ಲವೇ ಎಂದು ನಗಲು ನೋಡಿದೆ. ನಗು ಬರಲಿಲ್ಲ, ಪಕ್ಕೆಲುಬು ನೋಯುತ್ತಿತ್ತು.

ಸಂತೆಯಿಂದ ಬಂದು ಎಲ್ಲ ಕೇಳಿಕೊಂಡಿದ್ದ ಅಕ್ಕ ಊಟಕ್ಕೆ ಬಡಿಸುವಾಗ ಮೆಲ್ಲಗೆ ಕೇಳಿದಳು: "ಆಯಿ ಮಾತು ಇರ್ಲಿ. ನೀ ದೇವರಿಗಿ ಕೈ ಮುಗಿಯಾಂವಲ್ಲ. ಮಾಮಾ ಹೋಗ್ಯಾರ, ಅಲ್ಲಿ ಯಾರೂ ಇಲ್ಲ ಅಂತ ನಿನಗ ಗೊತ್ತಿತ್ತು. ಮತ್ತ ಹಿಡಿ ಅಂತ ಯಾರಿಗಂದಿ?"

ಗಾಡಿ ಹೇಗೆ ನಿಂತಿತು ಎಂದು ತಲೆ ಕೆರೆದುಕೊಂಡಿದ್ದೆನೇ ಹೊರತು ಇದನ್ನು ಯೋಚಿಸಿರಲಿಲ್ಲ. ಬಾಯಿತಪ್ಪಿ ಬಂತು, ರೂಢಿಯಿಂದ ಬಂತು ಎಂದರೆ ಅವಳು ನಂಬಿಯಾಳು. ಆದರೆ ಅದು ಸುಳ್ಳು. ಆ ಮಾತು ಹೇಳುವಾಗ, ಗಾಡಿಯ ಆ ಬದಿಯಲ್ಲಿ ಯಾರೋ ನಿಂತು ನನ್ನ ಮಾತಿಗೇ ಕಾಯುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.