ಯಾವ ಪುಟದಲ್ಲಿ ಅತ್ತಿರಿ, ಗುರುತು ಹೇಳಿ

ಬೆಳಗಿನ ಜಾವ. ರಾತ್ರಿಯಿಡೀ ಓಡಿದ ಬಸ್ಸುಗಳು ಡಿಪೋಗೆ ಬಂದು ಒಂದೊಂದಾಗಿ ನಿಟ್ಟುಸಿರು ಬಿಡುತ್ತಿವೆ. ಮೂಲೆಯಲ್ಲಿ, ಕಿಟಕಿಯೇ ಇಲ್ಲದ ಕೋಣೆಯ ಮೇಜಿನ ಮೇಲೆ, ಬಸ್ಸು ಗುಡಿಸುವ ಅಕ್ಕ ತಮ್ಮ ಗೋಣಿಚೀಲದಿಂದ ಒಂದೊಂದೇ ತೆಗೆದಿಡುತ್ತಾರೆ. ಎರಡು ಕೊಡೆ, ಊಟದ ಡಬ್ಬಿ, ಮಗುವಿನ ಸ್ವೆಟರು, ಒಂಟಿ ಚಪ್ಪಲಿ.

“ನೋಡು ತಮ್ಮ, ಇವತ್ತೂ ಯಾವನೋ ಒಂದೇ ಚಪ್ಪಲೀಲಿ ಮನೆಗೆ ಹೋಗಿದಾನೆ. ಹೆಂಡತಿಗೆ ಏನಂತ ಹೇಳಿರ್ತಾನೋ!”

“ಇನ್ನೊಂದನ್ನ ನಾಳೆ ಬಿಡ್ತಾನೆ ಬಿಡಕ್ಕ. ಜೋಡಿ ಆಗತ್ತೆ. ಅಷ್ಟೇನಾ?”

“ಇನ್ನೊಂದಿದೆ. ಆಮೇಲೆ ಕೊಡ್ತೀನಿ,” ಎಂದು ಅಕ್ಕ ಚೀಲವನ್ನು ಕಂಕುಳಿಗೆ ಸೇರಿಸುತ್ತಾರೆ.

ತಮ್ಮ ಎನ್ನಿಸಿಕೊಂಡವರಿಗೆ ಐವತ್ತು ದಾಟಿದೆ. ಬಸ್ಸಿನಲ್ಲಿ ಜನ ಮರೆತುಹೋದ ವಸ್ತುಗಳನ್ನು ಕಾಯುವುದು ಅವರ ಕೆಲಸ. ನೆತ್ತಿಯ ಮೇಲೆ ತೂಗುವ ಹಲಗೆಯಲ್ಲಿ ‘ಗುರುತು ಹೇಳಿ, ವಸ್ತು ಒಯ್ಯಿರಿ’ ಎಂದು ಬರೆದಿದೆ. ಹಾಗಾಗಿ ಡ್ರೈವರಿನಿಂದ ಮ್ಯಾನೇಜರ್‌ವರೆಗೆ ಎಲ್ಲರ ಬಾಯಲ್ಲೂ ಅವರು ಗುರುತಣ್ಣ. ಕೊಡೆಯನ್ನು ಕೊಡೆಗಳ ಸಾಲಿಗೆ ಸೇರಿಸಿ, ಡಬ್ಬಿಯನ್ನು ಮೂಗು ಮುಚ್ಚಿಕೊಂಡು ತೊಳೆದಿಟ್ಟು, ಅವರು ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ಇದು ಎರಡನೆಯ ಪಾಳಿ. ಇದಕ್ಕೆ ಸಂಬಳವಿಲ್ಲ, ಬೈಗುಳ ಮಾತ್ರ.

ಆನ್‌ಲೈನಿನಲ್ಲಿ ಒಂದು ಓದುಬಳಗವಿದೆ. ಹದಿನಾರು ಸಾವಿರ ಸದಸ್ಯರು. ಓದಿದ ಪುಸ್ತಕವನ್ನು ಅಲ್ಲಿ ಸೇರಿಸಿ ನಾಲ್ಕು ಮಾತು ಬರೆಯುತ್ತಾರೆ, ನಲವತ್ತು ಮಾತು ಜಗಳವಾಡುತ್ತಾರೆ. ದಿನಕ್ಕೆ ಇಪ್ಪತ್ತು ಮೂವತ್ತು ಪುಸ್ತಕ ಬರುತ್ತವೆ. ಯಾವುದು ಪತ್ತೇದಾರಿ, ಯಾವುದು ಪ್ರವಾಸ, ಯಾವುದು ನಗೆ, ಯಾವುದು ನೋವು ಎಂದು ವಿಂಗಡಿಸಿ ಆಯಾ ಕಪಾಟಿಗೆ ಸೇರಿಸುವವರು ಗುರುತಣ್ಣ. ಕಪಾಟು ಪರದೆಯ ಮೇಲಿನದು. ಬೆನ್ನುನೋವು ಮಾತ್ರ ನಿಜದ್ದು.

ಆ ಬೆನ್ನಿಗೂ ಒಂದು ಕಥೆಯಿದೆ. ಮೊದಲು ಅವರು ಇದೇ ಡಿಪೋದಲ್ಲಿ ಟಯರು ಎತ್ತುತ್ತಿದ್ದರು. ಜಾಕ್ ಜಾರಿ ಸೊಂಟ ಮುರಿಯಿತು. ಎತ್ತಿಸಿದವರು ಪರಿಹಾರ ಕೊಡಲಿಲ್ಲ, ಈ ಕೋಣೆ ಕೊಟ್ಟರು. “ಯಾರೂ ಕೇಳ್ದೇ ಇರೋ ಸಾಮಾನಿನ ಜೊತೆ ನನ್ನನ್ನೂ ಇಟ್ರು,” ಎನ್ನುತ್ತಾರೆ. ಕೊಡೆಗೆ ಜನ ಓಡೋಡಿ ಬರುತ್ತಾರೆ. ಪುಸ್ತಕಕ್ಕೆ ಬರುವುದು ಅಪರೂಪ. ಹಾಗೆ ಉಳಿದ ಪುಸ್ತಕಗಳನ್ನೇ ಓದುತ್ತ ಹೋದರು.

ಒಮ್ಮೆ ದಪ್ಪ ಕಾದಂಬರಿಯೊಂದನ್ನು ಮುಕ್ಕಾಲು ಮುಗಿಸಿದ್ದಾಗ ಅದರ ಒಡೆಯರು ಬಂದರು. ನಿವೃತ್ತ ಮೇಷ್ಟ್ರು. ಗುರುತು ಹೇಳಿ ಎಂದರೆ, “ಕೊನೇಲಿ ನಾಯಕ ಸಾಯ್ತಾನೆ” ಅಂದುಬಿಟ್ಟರು.

“ನಾನು ಕೇಳಿದ್ದು ರಟ್ಟಿನ ಬಣ್ಣ ಸಾರ್! ಕೊನೆ ಯಾರು ಕೇಳಿದ್ರು?” ಗುರುತಣ್ಣನ ಕೂಗಿಗೆ ಕಂಡಕ್ಟರುಗಳು ಓಡಿಬಂದರಂತೆ. ಆ ಮೇಷ್ಟ್ರೇ ಬಳಗದ ಯಜಮಾನರು. ಮಾಡಿದ ಪಾಪಕ್ಕೆ ಇವರನ್ನು ಬಳಗಕ್ಕೆ ಸೇರಿಸಿಕೊಂಡರು; ಮೆಲ್ಲಗೆ ವಿಂಗಡಿಸುವ ಕೆಲಸವನ್ನೂ ಕೊರಳಿಗೆ ಕಟ್ಟಿದರು.

ಮನೆಯಲ್ಲಿ ಇದಕ್ಕೆ ಮೂರು ಕಾಸಿನ ಮರ್ಯಾದೆಯಿಲ್ಲ. “ಮನೆಗೆ ಮಾರಿ, ಪರರಿಗೆ ಉಪಕಾರಿ,” ಎನ್ನುತ್ತಾರೆ ಹೆಂಡತಿ. “ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಇವತ್ತಿಗೂ ನನ್ನೇ ಕೇಳ್ಬೇಕು. ಊರವರ ಪುಸ್ತಕಕ್ಕೆ ಜಾಗ ತೋರಿಸ್ತಾರಂತೆ!”

ಕೆಲಸವೇನು ಸಲೀಸೇ? ಒಬ್ಬ ಕವಿ ಗುಟ್ಟಾಗಿ ಫೋನು ಮಾಡುತ್ತಾರೆ: “ಸ್ವಾಮಿ, ನನ್ನ ಪುಸ್ತಕಾನ ಪ್ರೇಮದಿಂದ ತೆಗೆದು ಪ್ರಕೃತಿಗೆ ಹಾಕಿ. ನಮ್ಮನೆಯವಳೂ ಬಳಗಕ್ಕೆ ಸೇರಿದಾಳೆ.” ಇನ್ನೊಬ್ಬರಿಗೆ ತಮ್ಮ ಆತ್ಮಕಥೆ ‘ಇತಿಹಾಸ’ದಲ್ಲೇ ಇರಬೇಕು. ಗುರುತಣ್ಣನೂ ಸಾಮಾನ್ಯರಲ್ಲ. ಸ್ವಂತ ಮನೆ ಕಟ್ಟುವುದು ಹೇಗೆ ಎಂದು ಎಂಜಿನಿಯರೊಬ್ಬರು ಬರೆದ ಪುಸ್ತಕವನ್ನು ‘ಭಯಾನಕ’ಕ್ಕೆ ಸೇರಿಸಿ, ಎಷ್ಟು ಬೈದರೂ ತೆಗೆಯಲೇ ಇಲ್ಲ. “ಮನೆ ಕಟ್ಟಿ ನೋಡಿದವನು ನಾನು. ಯಾವ ದೆವ್ವ ಅಷ್ಟು ಹೆದರಿಸತ್ತೆ?”

ಆದರೆ ಅವರು ನಗದೆ ಹೇಳುವ ತಪ್ಪೂ ಒಂದಿದೆ.

ಗುಡಿಸುವ ಅಕ್ಕ ಒಂದು ಪುಸ್ತಕ ಬರೆದಿದ್ದಾರೆ. ವರ್ಷಾನುಗಟ್ಟಲೆ ಬಸ್ಸಿನಲ್ಲಿ ಬಗ್ಗಿ ಗುಡಿಸಿದವರ ಕಣ್ಣಿಗೆ ಬಿದ್ದ ಜಗತ್ತು. ಹೆಸರು ‘ಸೀಟಿನ ಕೆಳಗೆ’. ಡಿಪೋದವರೇ ಚಂದಾ ಎತ್ತಿ ಅಚ್ಚು ಹಾಕಿಸಿದರು. ರಟ್ಟಿನ ಮೇಲೆ ಪೊರಕೆ ಹಿಡಿದ ಅಕ್ಕನ ಚಿತ್ರ. ಬಳಗಕ್ಕೆ ಅದು ಬಂದ ದಿನ ಗುರುತಣ್ಣ ಒಂದು ಪುಟವನ್ನೂ ತಿರುಗಿಸದೆ ‘ನೋವು’ ಕಪಾಟಿಗೆ ಹಾಕಿಬಿಟ್ಟರು. ದಿನಾ ಬೆಳಗ್ಗೆ ಆಕೆಯ ಮಾತಿಗೆ ಹೊಟ್ಟೆ ಹಿಡಿದು ನಗುವ ಅದೇ ಗುರುತಣ್ಣ! “ಮುಖ ನೋಡಿ ಮಣೆ ಹಾಕ್ದೆ,” ಎನ್ನುತ್ತಾರೆ. “ಓದಿದವರ ಬಳಗ. ಕಸ ಗುಡಿಸೋರ ಪುಸ್ತಕಾನ ನಗೆಗೆ ಹಾಕಿದ್ರೆ ಏನಂದ್ಕೋತಾರೋ ಅಂತ ಅಂಜಿಕೆ.”

ಬಳಗ ಕೂಡಲೇ ಕರಗಿ ನೀರಾಯಿತು. ‘ಕಣ್ಣು ತೇವವಾಯಿತು’, ‘ಕರುಳು ಕಿತ್ತುಬಂತು’, ‘ಇಂಥ ಬದುಕಿಗೆ ಶರಣು’ ಎಂದು ಇನ್ನೂರಕ್ಕೂ ಹೆಚ್ಚು ಮಂದಿ ಬರೆದರು. ಗುರುತಣ್ಣ ಹೆಮ್ಮೆಯಿಂದ ಓದಿ ಹೇಳಿದಾಗ ಅಕ್ಕ ಪೊರಕೆ ಕೆಳಗಿಟ್ಟರು.

“ಇಷ್ಟು ಜನ ಅತ್ರಾ? ಒಬ್ರೂ ನಗ್ಲಿಲ್ವಾ?”

“ಇಲ್ಲಕ್ಕ.”

“ಹಾಗಾದ್ರೆ ನಂಗೆ ಬರೆಯಕ್ಕೆ ಬರಲ್ಲ ಬಿಡು. ಎರಡನೇದು ಶುರು ಮಾಡಿದ್ದೆ. ನಿಲ್ಲಿಸ್ತೀನಿ.”

ಮರುದಿನ ಚೀಲ ಬಂತು, ಮಾತು ಬರಲಿಲ್ಲ. ಹಾವಾಡಿಸುವವರ ಖಾಲಿ ಬುಟ್ಟಿ ಸಿಕ್ಕಿದ್ದಕ್ಕೂ ಅಕ್ಕ ತುಟಿ ಬಿಚ್ಚಲಿಲ್ಲ.

ಗುರುತಣ್ಣ ಅಂದೇ ಕೂತು ಪುಸ್ತಕ ಓದಿದರು. ನಕ್ಕು ನಕ್ಕು ಸೊಂಟ ಹಿಡಿದುಕೊಂಡಿತು. ಹಿಡಿದ ಸೊಂಟದಲ್ಲೇ ಪುಸ್ತಕವನ್ನು ‘ನಗೆ’ ಕಪಾಟಿಗೆ ಸಾಗಿಸಿದರು. ಬಳಗ ಕಲ್ಲು ಬಿದ್ದ ಜೇನುಗೂಡಾಯಿತು. ‘ಬಡವರ ಬವಣೆ ನಿಮಗೆ ನಗೆಪಾಟಲೇ?’ ಎಂದು ಮೈಮೇಲೆ ಬಿದ್ದರು. ನೋಡಿ ಈ ನ್ಯಾಯವನ್ನು! ದುಡಿಯುವವರು ಮೈಮುರಿದು ದುಡಿಯಬೇಕು; ಅಪ್ಪಿತಪ್ಪಿ ಪುಸ್ತಕ ಬರೆದರೆ ಅದರಲ್ಲೂ ಕಣ್ಣೀರನ್ನೇ ಬಡಿಸಬೇಕು. ಉಂಡವರು ಎರಡು ಹನಿ ಸುರಿಸಿ ಹಗುರಾಗಿ ಮಲಗುತ್ತಾರೆ. ಗುಡಿಸುವವಳು ಬಗ್ಗಿದಲ್ಲಿಂದಲೇ ತಮ್ಮನ್ನು ನೋಡಿ ನಕ್ಕಿದ್ದಾಳೆ ಎಂಬುದನ್ನು ಮಾತ್ರ ತಡೆದುಕೊಳ್ಳಲಾರರು.

ಗುರುತಣ್ಣ ವಾದಕ್ಕೆ ಇಳಿಯಲಿಲ್ಲ. ತಮಗೆ ಗೊತ್ತಿದ್ದ ಒಂದೇ ಕಾನೂನನ್ನು ಬಳಗಕ್ಕೂ ಹಾಕಿದರು: ‘ಯಾವ ಪುಟದಲ್ಲಿ ಅತ್ತಿರಿ? ಗುರುತು ಹೇಳಿ.’

ಬಳಗ ಗಪ್‌ಚಿಪ್. ಕೊನೆಗೆ ಒಬ್ಬರು ಧೈರ್ಯ ಮಾಡಿ ‘ನಲವತ್ತನೆಯ ಪುಟ’ ಎಂದರು. ನಲವತ್ತನೆಯ ಪುಟದಲ್ಲಿ, ಬಸ್ಸಿನಲ್ಲಿ ಸಿಕ್ಕ ಹಲ್ಲುಸೆಟ್ಟು ತನ್ನದೇ ಎಂದು ಮೂವರು ಮುದುಕರು ಕಿತ್ತಾಡುತ್ತಾರೆ. ಸರದಿಯಲ್ಲಿ ಬಾಯಿಗೆ ಹಾಕಿ ನೋಡುತ್ತಾರೆ. ಮೂವರಿಗೂ ಸರಿಹೋಗುತ್ತದೆ.

ಮೊಟ್ಟಮೊದಲು ಅತ್ತವರು ಮೇಷ್ಟ್ರು. ಅವರೂ ಆಗಲೇ ಪುಸ್ತಕ ತೆರೆದದ್ದು. ಸಂಜೆ ಬಳಗಕ್ಕೆ ತಮ್ಮ ದನಿ ಮುದ್ರಿಸಿ ಕಳಿಸಿದರು: “ನಾನು ರಟ್ಟು ನೋಡಿ ಅತ್ತಿದ್ದೆ, ಕ್ಷಮಿಸಿ. ಈಗ ಓದ್ತಿದೀನಿ, ಆ ಮೂರನೇ ಮುದುಕ...” ಮುಂದಿನದು ಮಾತಲ್ಲ, ಕೆಮ್ಮು ಬೆರೆತ ನಗು. ಪುಸ್ತಕ ‘ನಗೆ’ಯಲ್ಲೇ ಉಳಿಯಿತು. ಅಕ್ಕನ ಬಾಯಿ ಮತ್ತೆ ತೆರೆಯಿತು; ಪೆನ್ನು ಮಾತ್ರ ತೆರೆಯಲಿಲ್ಲ.

“ನೀನು ಕುತ್ತಿಗೆಪಟ್ಟಿ ಹಿಡಿದು ನಗಿಸಿದ್ದು ಲೆಕ್ಕಕ್ಕಿಲ್ಲ ತಮ್ಮ. ತಾನಾಗಿ ನಕ್ಕವರು ಯಾರು, ಹೇಳು?”

ಅಂದಿನಿಂದ ಅಕ್ಕನದು ಇದೊಂದೇ ಪ್ರಶ್ನೆ. ಇವತ್ತು ಕಂಕುಳಲ್ಲಿದ್ದ ಚೀಲದಿಂದ ಅಕ್ಕ ಕೊನೆಯ ವಸ್ತುವನ್ನು ತೆಗೆದು ಮೇಜಿಗೆ ಕುಕ್ಕುತ್ತಾರೆ. ಅದು ಅವರದೇ ಪುಸ್ತಕ.

“ತಗೋ. ಎರಡನೇ ನಂಬರ್ ಬಸ್ಸಲ್ಲಿ ಸಿಕ್ತು. ಎಲ್ಲಿ ಗೊತ್ತಾ? ಸೀಟಿನ ಕೆಳಗೆ! ಒಂಟಿ ಚಪ್ಪಲಿ ಪಕ್ಕದಲ್ಲೇ ಬಿಸಾಕಿ ಹೋಗಿದಾರೆ.”

ಗುರುತಣ್ಣ ಏನೋ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಬ್ಬಾಕೆ ಏದುಸಿರು ಬಿಡುತ್ತ ಒಳಗೆ ನುಗ್ಗುತ್ತಾರೆ. ನರ್ಸಿನ ಬಿಳಿ ಬಟ್ಟೆ, ರಾತ್ರಿಪಾಳಿಯ ಕೆಂಪು ಕಣ್ಣು.

“ಅಣ್ಣಾ, ಒಂದು ಪುಸ್ತಕ ಬಿಟ್ಟುಹೋಗಿದೀನಿ.”

“ಗುರುತು ಹೇಳಿ.”

“ಹಲ್ಲುಸೆಟ್ಟು...” ಎಂದವರು ಗೋಡೆಗೆ ಕೈ ಕೊಟ್ಟು ನಗತೊಡಗುತ್ತಾರೆ. “ನಗ್ತಾ ನಗ್ತಾ ನನ್ನ ಸ್ಟಾಪೇ ದಾಟಿಹೋಯ್ತಣ್ಣ. ಎದ್ದೆನೋ ಬಿದ್ದೆನೋ ಅಂತ ಇಳಿದೆ, ಪುಸ್ತಕ ಜಾರಿದ್ದು ಗೊತ್ತೇ ಆಗ್ಲಿಲ್ಲ. ಆ ಮೂರನೆಯವನು ಹಲ್ಲು ಹಾಕ್ಕೊಂಡೇ ಓಡಿಹೋದ್ನಲ್ಲ, ಆಮೇಲೆ ಸಿಕ್ಕಿದ್ನಾ? ಬೇಡ ಬೇಡ, ಹೇಳ್ಬೇಡಿ!”

“ಕೊನೆ ಹೇಳೋ ಜಾತಿ ಅಲ್ಲಮ್ಮ ನಾನು,” ಎಂದು ಗುರುತಣ್ಣ ಎರಡೂ ಕೈಯಲ್ಲಿ ಪುಸ್ತಕ ಕೊಡುತ್ತಾರೆ.

ಅಕ್ಕ ಮೂಗಿನವರೆಗೆ ಸೆರಗು ಎಳೆದುಕೊಂಡು ಬಾಗಿಲ ಬಳಿ ಗುಡಿಸುತ್ತಿದ್ದಾರೆ. ನರ್ಸು ಅವರನ್ನು ದಾಟಿ, ಓದುತ್ತಲೇ ಹೊರಟುಹೋಗುತ್ತಾರೆ. ಗೇಟಿನಾಚೆಯಿಂದ ಇನ್ನೊಂದು ನಗು ಕೇಳಿಸುತ್ತದೆ.

“ಅದೇ ಜಾಗ ಎಷ್ಟು ಸಲ ಗುಡಿಸ್ತೀಯಕ್ಕ?”

“ಧೂಳಿದೆ. ನಿಂಗೇನು?” ಪೊರಕೆ ಆಡಿಸುತ್ತಲೇ, ತಿರುಗಿ ನೋಡದೆ: “ತಮ್ಮ, ಆ ಒಂಟಿ ಚಪ್ಪಲಿ ಯಾರಿಗೂ ಕೊಡ್ಬೇಡ.”

“ಒಡೆಯ ಬಂದ್ರೆ?”

“ಕಾಯಕ್ಕೆ ಹೇಳು. ಅವನ ಕಥೆ ಇನ್ನೂ ಬರೀತಿದೀನಿ.”