ಕೊಳಲು ಸುಮ್ಮನಿರಬೇಕಾದ ಜಾಗ

ಮೊನ್ನೆ ಮೊಮ್ಮಗಳ ತಲೆಗೆ ಹಚ್ಚಲೆಂದು ನನ್ನ ಹೆಂಡತಿ ಬಾದಾಮಿ ಎಣ್ಣೆಯ ಸೀಸೆ ತೆರೆದಳು. ಪಕ್ಕದಲ್ಲೇ ಪೇಪರ್ ಓದುತ್ತಿದ್ದ ನನಗೆ ಆ ವಾಸನೆ ಬಂದದ್ದೇ ತಡ, ಓದುವುದು ನಿಂತುಹೋಯಿತು. ಟೀಚರ್ ಮನೆಯ ಹೊರಕೋಣೆಗೆ ಇದೇ ವಾಸನೆಯಿತ್ತು...

ಬ್ರಹ್ಮಾವರದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಅವರು ಇಂಗ್ಲಿಷ್ ಕಲಿಸುತ್ತಿದ್ದರು. ಭಾನುವಾರಗಳಲ್ಲಿ ಇಗರ್ಜಿಯ ಆರ್ಗನ್ ಬಾರಿಸುತ್ತಿದ್ದರು. ಕಾಲಲ್ಲಿ ತುಳಿದು ಗಾಳಿ ತುಂಬಿಸಬೇಕಾದ, ಅವರ ಅಜ್ಜನ ಕಾಲದ ಮರದ ವಾದ್ಯ ಅದು. ಅವರ ಗಂಡ ಹಡಗಿನ ಕೆಲಸದಲ್ಲಿದ್ದವರು. ಯಾವುದೋ ಬಂದರಿನಿಂದ ಒಂದು ಕರಿಮರದ ಕೊಳಲು ತಂದಿದ್ದರು. ಆರು ತೂತು, ಕಿರುಬೆರಳಿನಿಂದ ಒತ್ತಲು ಒಂದೇ ಒಂದು ಹಿತ್ತಾಳೆಯ ಕೀ. ಸುಮಾರು ಮುನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಊದುತ್ತಿದ್ದ ಮಾದರಿಯಂತೆ. ರಜೆಗೆ ಬಂದಾಗ ಗಂಡ ಹೆಂಡತಿ ಖಾಲಿ ಇಗರ್ಜಿಯಲ್ಲಿ ಕೂತು ಆ ಕಾಲದ ಸಂಗೀತವನ್ನೇ ಬಾರಿಸುತ್ತಿದ್ದರು. ಜನರೆದುರು ಮಾತ್ರ ಒಮ್ಮೆಯೂ ಇಲ್ಲ, ಮನುಷ್ಯನಿಗೆ ಅಷ್ಟು ನಾಚಿಕೆ. ‘ಮುಂದಿನ ರಜೆಗೆ ಕಾಂಬ’ ಎಂದು ಮುಂದೂಡುತ್ತಿದ್ದರಂತೆ. ಆ ರಜೆ ಬರಲಿಲ್ಲ...

ಟೀಚರ್ ಇದನ್ನೆಲ್ಲ ನನಗೆ ಹೇಳಿದ್ದು ನಿವೃತ್ತರಾದ ಮೇಲೆ. ಇಗರ್ಜಿಗೆ ಹೊಸ ಎಲೆಕ್ಟ್ರಾನಿಕ್ ಕೀಬೋರ್ಡ್ ಬರುವುದಿತ್ತು, ಆರ್ಗನ್ ಉಗ್ರಾಣ ಸೇರುವುದಿತ್ತು. ಅದಕ್ಕೆ ಮೊದಲು, ತೀರಿಹೋದ ಗಂಡನ ವರ್ಷದ ಪೂಜೆಯ ದಿನ, ಅವರಿಬ್ಬರ ಆ ಸಂಗೀತವನ್ನು ಜನ ಒಮ್ಮೆ ಕೇಳಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ. ನಾನು ಬಿಜೂರಿನ ನಮ್ಮ ಭಜನಾ ಮಂಡಳಿಯಲ್ಲಿ ಬಿದಿರಿನ ಕೊಳಲು ಊದುತ್ತೇನೆಂದು ಅವರಿಗೆ ಗೊತ್ತಿತ್ತು.

“ಮೇಷ್ಟ್ರೇ, ಪೆಡಲ್ ತುಳೂಕೆ ನನ್ ಮಂಡಿ ಇನ್ ಹೆಚ್ಚ್ ದಿನ ನನ್ ಮಾತ್ ಕೇಂತಿಲ್ಲೆ. ಇದೊಂದ್ ನಡ್ಸಿ ಕೊಡಿ,” ಎಂದು ಹೊರಕೋಣೆಯಲ್ಲಿಟ್ಟಿದ್ದ ಗಂಡನ ಕೊಳಲನ್ನು ನನ್ನ ಕೈಗಿತ್ತರು.

ನಡೆಸಿಕೊಡುವುದು ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಕೊಳಲಿನ ಶ್ರುತಿ ಆರ್ಗನ್ನಿಗಿಂತ ಅರ್ಧ ಸ್ವರ ಕೆಳಗೆ. ಹಳೆಯ ಕಾಲದ ಶ್ರುತಿಯೇ ಹಾಗಂತೆ. ಟೀಚರ್ ತಮ್ಮ ಪಾಲಿನದನ್ನೆಲ್ಲ ಅಷ್ಟು ಇಳಿಸಿ ಬಾರಿಸುತ್ತಿದ್ದರು. ಅವರ ಪುಸ್ತಕದ ಗೆರೆ ಚುಕ್ಕಿಗಳು ನನಗೆ ಬಾರವು. ಅವರು ಹಾಡಿ ತೋರಿಸಬೇಕು, ನಾನು ಕೇಳಿ ಊದಬೇಕು. ಅದರ ಮೇಲೆ ನನ್ನ ಭಜನೆಯ ಚಾಳಿ ಬೇರೆ. ನಮ್ಮಲ್ಲಿ ಹಾಡುವವನು ಉಸಿರಿಗೆಂದು ನಿಂತರೆ ಸಾಕು, ಕೊಳಲಿನವನು ಆ ಸಂದಿಗೆ ನುಗ್ಗಬೇಕು. ನುಗ್ಗದಿದ್ದರೆ ಅವನು ತೂಕಡಿಸುತ್ತಿದ್ದಾನೆ ಎಂದೇ ಲೆಕ್ಕ. ಈ ಸಂಗೀತದ ನಡುವೆ ಕೊಳಲು ಪೂರ್ತಿ ಸುಮ್ಮನಾಗಿ ಆರ್ಗನ್ ಒಂದೇ ಹಾಡುವ ಜಾಗವೊಂದಿತ್ತು. ಅಲ್ಲಿಗೆ ಬಂದಾಗಲೆಲ್ಲ ನಾನು ನುಗ್ಗುತ್ತಿದ್ದೆ.

“ಹ್ವಾಯ್ ಮೇಷ್ಟ್ರೇ, ಅಲ್ಲ್ ಎಂತಕ್ಕೆ ಊದುದ್? ಅದ್ ನನ್ ಜಾಗ. ನೀವ್ ಸುಮ್ನೆ ಕೇಣಿ.”

ಮಕ್ಕಳಿಗೆ ಗದರುವ ದನಿಯಲ್ಲೇ ಗದರುತ್ತಿದ್ದರು. ನನಗೂ ಸಿಟ್ಟು ಬರುತ್ತಿತ್ತು. ಆದರೆ ಸುಮ್ಮನೆ ಕೂತು ಕೇಳುತ್ತಾ ಕೇಳುತ್ತಾ ಆ ಜಾಗವೇ ನನಗೆ ಇಷ್ಟವಾಗತೊಡಗಿತು. ಪೆಡಲಿನ ಕಿರ್‍ ಕಿರ್‍ ಸದ್ದು, ಅದರ ಮೇಲೆ ಅವರ ಬೆರಳು... ಯಾರೋ ಒಬ್ಬರೇ ಕೂತು ಯೋಚನೆ ಮಾಡುತ್ತಿರುವ ಹಾಗೆ.

ಪೂಜೆಯ ದಿನ ಇಗರ್ಜಿ ತುಂಬಿತ್ತು. ಶುರು ಚೆನ್ನಾಗಿಯೇ ಆಯಿತು. ಆ ಜಾಗ ಬಂತು, ನಾನು ಕೊಳಲು ಕೆಳಗಿಳಿಸಿದೆ. ಸ್ವಲ್ಪ ಹೊತ್ತಿಗೆ ಪೆಡಲಿನ ಸದ್ದು ತಪ್ಪಿತು. ಆರ್ಗನ್ನಿನ ದನಿ ಕುಗ್ಗಿ, ನರಳಿ, ನಿಂತೇಬಿಟ್ಟಿತು. ಟೀಚರ್ ಮುಖ ನೋಡಿದೆ. ಮಂಡಿ ಹಿಡಿದುಕೊಂಡಿತ್ತು. ಆದರೂ ಅವರ ಬೆರಳುಗಳು ಓಡುತ್ತಲೇ ಇದ್ದವು, ಸದ್ದು ಮಾತ್ರ ಇರಲಿಲ್ಲ. ಅವರ ಬೆರಳುಗಳನ್ನೇ ನೋಡುತ್ತಾ ಕೊಳಲೆತ್ತಿ ಅವರ ಪಾಲಿನದನ್ನು ಊದಿದೆ. ಅಷ್ಟು ದಿನ ಕೇಳಿ ಕೇಳಿ ಅದು ನನಗೆ ಬಾಯಿಪಾಠವಾಗಿತ್ತು. ಟೀಚರ್ ಹಲ್ಲು ಕಚ್ಚಿ ಬಲಗಾಲೊಂದರಲ್ಲೇ ತುಳಿಯತೊಡಗಿದರು. ಗಾಳಿ ತುಂಬಿತು, ಆರ್ಗನ್ ಮೆಲ್ಲಗೆ ನನ್ನ ದನಿಯ ಕೆಳಗೆ ಬಂದು ಸೇರಿತು. ಇಬ್ಬರೂ ಕೊನೆಯವರೆಗೆ ಹೋದೆವು. ಇದು ಇರುವುದೇ ಹೀಗೆ ಎಂದು ಜನ ಅಂದುಕೊಂಡಿರಬೇಕು.

ಎಲ್ಲರೂ ಹೊರಟ ಮೇಲೆ ಅವರು ಕೂತಲ್ಲಿಂದ ಏಳದೆ, “ನನ್ ಜಾಗದಲ್ಲ್ ಊದಿದ್ರಿ ಅಲ್ದಾ,” ಎಂದರು.

“ಹೌದ್ ಟೀಚರ್.”

“ಇವತ್ತ್ ಒಂದಿನಕ್ಕ್ ಅಡ್ಡಿಲ್ಲೆ.” ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡರು. ನಾನು ಚಾಚಿದ ಕೊಳಲನ್ನು ಮಾತ್ರ ತೆಗೆದುಕೊಳ್ಳಲಿಲ್ಲ. “ನಿಮ್ಮತ್ರೇ ಇರ್ಲಿ. ಬಾದಾಮಿ ಎಣ್ಣೆಯೇ ಹಾಕಿ. ತೆಂಗಿನೆಣ್ಣೆ ಹಾಕ್ರೆ ಕಮಟ್ ವಾಸ್ನಿ ಬತ್ತ್.”

ಆ ಮಳೆಗಾಲ ಕಳೆಯುವುದರೊಳಗೆ ಅವರು ಹೋದರು. ಆರ್ಗನ್ ಉಗ್ರಾಣದಲ್ಲಿದೆ, ಅದರ ತಿದಿಯನ್ನು ಇಲಿ ಕಡಿದು ಹಾಕಿದೆಯಂತೆ. ಹೋಗಿ ನೋಡುವ ಧೈರ್ಯ ನನಗಿಲ್ಲ.

ಮೊನ್ನೆ ಮೊಮ್ಮಗಳ ಸೀಸೆಯಿಂದಲೇ ಸ್ವಲ್ಪ ಎಣ್ಣೆ ತೆಗೆದುಕೊಂಡು ಕೊಳಲಿನ ಒಳಗೆ ಸವರಿದೆ. ಮಾರನೆಯ ದಿನ ಜಗಲಿಯಲ್ಲಿ ಕೂತು ಊದಿದೆ. ಆ ಜಾಗ ಬಂತು, ಕೊಳಲು ಇಳಿಸಿದೆ. ಒಳಗಿನಿಂದ ಹೆಂಡತಿ ಬಂದು ಇಣುಕಿದಳು.

“ಎಂತಕ್ಕೆ ನಿಲ್ಸಿದ್ರಿ? ಮರ್ತ್ ಹೋಯ್ತಾ?”

“ಇಲ್ಲೆ,” ಎಂದೆ. “ಈಗ ಟೀಚರ್ ಬಾರ್ಸ್‌ತಿದ್ರ್.”

ಅವಳು ಹೊಸ್ತಿಲ ಮೇಲೆ ಕೂತಳು. ಅವರದ್ದು ಮುಗಿಯುವಷ್ಟು ಹೊತ್ತು ಕಾದು, ನಾನು ಮತ್ತೆ ಕೊಳಲೆತ್ತಿಕೊಂಡೆ.