ಕಾರು ಹಲ್ಲು ಕಿರಿದಾಗ

ಕಳೆದ ಭಾನುವಾರ ನನ್ನ ಕಾರಿನ ಬಾನೆಟ್ ಎತ್ತಿದೆ. ಒಳಗಿನಿಂದ ಹಲ್ಲುಗಳು ನನ್ನನ್ನು ನೋಡಿ ನಕ್ಕವು.

ಅಲಂಕಾರಕ್ಕೆ ಹೇಳುತ್ತಿಲ್ಲ. ನಿಜವಾದ ಹಲ್ಲು. (ನಿಜವಾದ ಅಂದರೆ, ಡೆಂಟಿಸ್ಟ್ ಮಾಡಿಕೊಟ್ಟದ್ದು.) ಮೇಲ್ದವಡೆಯ ಪೂರ್ತಿ ಸೆಟ್, ಗುಲಾಬಿ ವಸಡಿನ ಸಮೇತ, ಬ್ಯಾಟರಿ ಪಕ್ಕದಲ್ಲಿ ಆರಾಮಾಗಿ ಕೂತಿತ್ತು.

ಮೊದಲಿನಿಂದ ಹೇಳುತ್ತೇನೆ. ಆ ವಾರ ಯೆರವಡಾದ ಆಫೀಸಿಗೆ ಹೊರಟಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಸದ್ದಿಲ್ಲ, ಹೊಗೆಯಿಲ್ಲ, ಕಾರು ಸಲೀಸಾಗಿ ಓಡುತ್ತಿದೆ. ದೀಪ ಮಾತ್ರ ಆರುತ್ತಿಲ್ಲ. ನನ್ನಂಥ ಸಾಫ್ಟ್‌ವೇರ್ ಮನುಷ್ಯನಿಗೆ ಇದಕ್ಕಿಂತ ಖುಷಿ ಬೇಕೆ? ಬೆಂಕಿಪೊಟ್ಟಣದಷ್ಟು ದೊಡ್ಡ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಫೋನಿಗೆ ಜೋಡಿಸಿದೆ. ಕೋಡ್ ಬಂತು: ಪಿ0135. ಆಕ್ಸಿಜನ್ ಸೆನ್ಸರನ್ನು ಬಿಸಿ ಮಾಡುವ ಸರ್ಕಿಟ್ ಕೈಕೊಟ್ಟಿದೆ ಎಂದರ್ಥ.

"ಸೆನ್ಸರ್ ಹೋಗಿದೆ. ಹೊಸದು ಆರ್ಡರ್ ಮಾಡ್ತೀನಿ" ಎಂದು ಹೆಂಡತಿ ಸುಮಾಗೆ ಘೋಷಿಸಿದೆ.

"ಸೆನ್ಸರ್ ಹೋಗಿದ್ಯೋ, ವೈರ್ ಹೋಗಿದ್ಯೋ? ಬಾನೆಟ್ ತೆಗೆದು ನೋಡಿದ್ರಾ?"

ನೋಡಿರಲಿಲ್ಲ. (ಆ್ಯಪ್ ಇರುವಾಗ ಬಾನೆಟ್ ಯಾಕೆ?)

ಅದೇ ವಾರ ನಮ್ಮ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ, ದೇಸಾಯಿ ಅಜ್ಜನ ಮನೆಯಲ್ಲಿ ಯುದ್ಧ. ಧಾರವಾಡ ಕಡೆಯವರು, ರಿಟೈರ್ಡ್ ಹೆಡ್ ಕ್ಲರ್ಕ್. ಗ್ಯಾಲರಿಯಲ್ಲಿ (ಬಾಲ್ಕನಿಗೆ ಇಲ್ಲಿನ ಹೆಸರು) ಬಟ್ಟಲಿನೊಳಗೆ ಇಟ್ಟಿದ್ದ ಅವರ ಹಲ್ಲಿನ ಸೆಟ್ ಮಾಯವಾಗಿತ್ತು. ಅನುಮಾನ ನೇರವಾಗಿ ಸೊಸೆ ವಿದ್ಯಾಳ ಮೇಲೆ.

"ಅಕಿನ ಮುಚ್ಚಿಟ್ಟಾಳ್ರಿ! ಪಲ್ಯಾ ಚಂದ ಆಗಿಲ್ಲಂದೆ ನೋಡ್ರಿ, ಆ ಸಿಟ್ಟಿಗೆ!" ಎಂದು ಬಾಯಿಂದ ಗಾಳಿ ಬಿಡುತ್ತಲೇ ಅಜ್ಜ ನನಗೆ ದೂರು ಕೊಟ್ಟರು. ಪಾಪ, ವಿದ್ಯಾ ಅತ್ತೂ ಅತ್ತೂ ತವರಿಗೆ ಹೋಗಲು ಬ್ಯಾಗ್ ಕಟ್ಟಿಕೊಂಡಿದ್ದಳು. ಅವಳ ಗಂಡನೋ, ಪಿಂಪ್ರಿ ಫ್ಯಾಕ್ಟರಿಯ ಓವರ್‌ಟೈಮ್ ನೆಪ ಹೇಳಿ ಮನೆಯ ಕಡೆ ತಲೆಯನ್ನೇ ಹಾಕುತ್ತಿರಲಿಲ್ಲ.

ನಮ್ಮಲ್ಲಿ ಅನುಮಾನಕ್ಕೆ ಸ್ಕ್ಯಾನರ್ ಇಲ್ಲ. ಇದ್ದಿದ್ದರೆ ಮನೆಯಲ್ಲಿ ಏನೇ ಕಳೆದರೂ 'ಸೊಸೆ' ಎಂದೇ ಕೋಡ್ ತೋರಿಸುತ್ತಿತ್ತೇನೋ!

ಇರಲಿ. ಭಾನುವಾರ ಸುಮಾಳ ಕಾಟ ತಡೆಯಲಾರದೆ ಬಾನೆಟ್ ಎತ್ತಿದೆ. ಬ್ಯಾಟರಿ ಪಕ್ಕ ಹರಿದ ಬಟ್ಟೆ, ಥರ್ಮೋಕೋಲ್, ಅರ್ಧ ತಿಂದ ಚಕ್ಕುಲಿಗಳಿಂದ ಕಟ್ಟಿದ ಅಚ್ಚುಕಟ್ಟಾದ ಬಿಡಾರ. ನಡುವೆ ಆ ನಗು. ಮಾಲೀಕ ಹೆಗ್ಗಣ ನನ್ನನ್ನು ಒಮ್ಮೆ ದಿಟ್ಟಿಸಿ, ಅವಸರವಿಲ್ಲದೆ ಇಳಿದು ಹೋಯಿತು. ಸೆನ್ಸರಿನ ವೈರನ್ನು ಅದೇ ಕಡಿದು ತುಂಡು ಮಾಡಿತ್ತು.

ಬ್ಯಾಟರಿ ಕನೆಕ್ಷನ್ ಬಿಚ್ಚಿದೆ. ವೈರಿನ ತುದಿಗಳನ್ನು ಸುಲಿದು ಬಣ್ಣ ನೋಡಿ ಜೋಡಿಸಿದೆ, ಸ್ಲೀವ್ ಹಾಕಿ ಟೇಪ್ ಸುತ್ತಿದೆ. ಬ್ಯಾಟರಿ ಮತ್ತೆ ಕೂಡಿಸಿ ಆ್ಯಪ್‌ನಲ್ಲಿ ಕೋಡ್ ಅಳಿಸಿದೆ. ಸ್ಟಾರ್ಟ್ ಮಾಡಿದರೆ ದೀಪ ಮಾಯ! ಸೆನ್ಸರ್ ಪಾಪ ನಿರಪರಾಧಿ.

ಇನ್ನೊಬ್ಬ ನಿರಪರಾಧಿ ಉಳಿದಿದ್ದಳಲ್ಲ? ಹಲ್ಲನ್ನು ಪೇಪರಿನಲ್ಲಿ ಸುತ್ತಿ ದೇಸಾಯಿ ಮನೆಗೆ ಓಡಿದೆ. ಕಥೆ ಕೇಳಿ ಅಜ್ಜ ಪೆಚ್ಚಾದರು. "ತಪ್ಪಾತವಾ" ಎಂದು ಸೊಸೆಗೆ ಮೆಲ್ಲಗೆ ಹೇಳಿದರು. ವಿದ್ಯಾ ಬ್ಯಾಗ್ ಬಿಚ್ಚಿದಳು, ಸೋಪು ಹಚ್ಚಿ ಹಲ್ಲು ತಿಕ್ಕಿ ತಿಕ್ಕಿ ತೊಳೆದುಕೊಟ್ಟಳು. ನಾನು ಸಿನಿಮಾ ಹೀರೋ ಥರ ಬಾಗಿಲಲ್ಲಿ ನಿಂತಿದ್ದೆ.

ಅಜ್ಜ ಸೆಟ್ ಏರಿಸಿಕೊಂಡರು. ದವಡೆ ಆಡಿಸಿ ನೋಡಿದರು. ಆಮೇಲೆ, ವಾರವಿಡೀ ಸರಿಯಾಗಿ ಉಚ್ಚರಿಸಲಾಗದೆ ಒಳಗೇ ಉಳಿದುಹೋದದ್ದೆಲ್ಲ ಹೊರಬರತೊಡಗಿತು. ಸೋಮವಾರದ ಚಹಾ ನೀರಾಗಿತ್ತಂತೆ. ಮಂಗಳವಾರದ ಅನ್ನ ಮುದ್ದೆಯಾಗಿತ್ತಂತೆ. ಅವರು ಬುಧವಾರಕ್ಕೆ ಬರುವಷ್ಟರಲ್ಲಿ ನಾನು ಮೆಲ್ಲಗೆ ಹೊರಗೆ ಜಾರಿದೆ.

ವಿದ್ಯಾ ಹಿಂದೆಯೇ ಬಂದಳು. ಥ್ಯಾಂಕ್ಸ್ ಹೇಳಲು ಎಂದುಕೊಂಡೆ. ಅವಳು ಆಚೀಚೆ ನೋಡಿ ಪಿಸುಗುಟ್ಟಿದಳು:

"ಅಣ್ಣಾರ, ಆ ಹೆಗ್ಗಣ ಮತ್ತ ಬರತದೇನ್ರಿ?"